ಸುರಗಿಗೆ ಒಂದು ತಂಬಿಗೆ ನೀರು

ಹುಮನಾಬಾದಿನ ಗಂಜಿನ, ಅಂದರೆ ಕಾಳುಪೇಟೆಯ ಎದುರು ನನ್ನದೊಂದು ಫೋಟೋ ಸ್ಟುಡಿಯೋ. ಮದುವೆಯ ವಿಡಿಯೋ ತೆಗೆಯುವವರು ಆಗ ಊರಲ್ಲಿ ಬೇಕಾದಷ್ಟು ಮಂದಿ ಇದ್ದರು. ಕಂಪ್ಯೂಟರಿನ ಮೇಲೆ ಮಿಕ್ಸಿಂಗ್ ಮಾಡುವವರೂ ಒಬ್ಬಿಬ್ಬರು ಬಂದಿದ್ದರು. ಅವರ ಸಿ.ಡಿ.ಗಳಲ್ಲಿ ಗುಲಾಬಿ ಉದುರುತ್ತಿತ್ತು, ಹೃದಯದ ಆಕಾರದೊಳಗೆ ಗಂಡು ಹೆಣ್ಣು ಗಿರಗಿರ ತಿರುಗುತ್ತಿದ್ದರು. ನೀರು ಹರಿಯುತ್ತಿದ್ದುದು ಮಾತ್ರ ನನ್ನಲ್ಲಿ.

ನನ್ನ ಸಿ.ಡಿ. ಹಚ್ಚಿದರೆ ಮೊದಲು ಶಿವನ ಜಟೆಯಿಂದ ಗಂಗೆ ಇಳಿಯುತ್ತಿದ್ದಳು. ಆ ನೀರು ಹರಿದು ಬಂದು ವಧೂವರರ ಹೆಸರಿನ ಮೇಲೆ ಸುರಿಯುತ್ತಿತ್ತು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುವ ಬೇಸಿಗೆಯಲ್ಲಿ ಜನ ಅದನ್ನು ಬಾಯಿ ತೆರೆದು ನೋಡುತ್ತಿದ್ದರು. "ಗುರುಲಿಂಗನ ಅಂಗಡ್ಯಾಗ ನೀರಿಗಿ ಬರಗಾಲ ಇಲ್ಲ ನೋಡ್ರಿ" ಎಂದು ಗಂಜಿನ ಹಮಾಲರು ಚಾಷ್ಟಿ ಮಾಡುತ್ತಿದ್ದರು.

ಆ ವಿದ್ಯೆ ತಂದುಕೊಟ್ಟವನು ಸಿರಾಜುದ್ದೀನ್. ಕೇಬಲ್ ನಡೆಸುತ್ತಿದ್ದ, ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ, ಹೈದರಾಬಾದಿಗೆ ಹೋದಾಗಲೆಲ್ಲ ಹೊಸದೇನಾದರೂ ಸಿ.ಡಿ. ತರುತ್ತಿದ್ದ. ಹಾಗೆ ಒಂದು ಸಲ ತಂದದ್ದು ಪಾರ್ಟಿಕಲ್ ಸಿಸ್ಟಮ್. ಹೆಸರು ದೊಡ್ಡದು, ಒಳಗಿನ ಹೂರಣ ಸರಳ. ಪರದೆಯ ಮೇಲೆ ಒಂದು ಜಾಗ ತೋರಿಸಬೇಕು, ಅಲ್ಲಿಂದ ಹನಿಗಳು ಹುಟ್ಟುತ್ತವೆ. ಎಷ್ಟು ಹುಟ್ಟಬೇಕು, ಯಾವ ಕಡೆಗೆ ಎಷ್ಟು ಜೋರಾಗಿ ಹೊರಡಬೇಕು, ನೆಲ ಅವನ್ನು ಎಷ್ಟು ಎಳೆಯಬೇಕು, ಯಾವುದಕ್ಕೆ ಬಡಿದರೆ ಎಷ್ಟು ಸಿಡಿಯಬೇಕು, ಎಷ್ಟು ಹೊತ್ತು ಬದುಕಬೇಕು, ಇಷ್ಟನ್ನು ನಾವು ಹೇಳಿಕೊಡಬೇಕು. ಉಳಿದದ್ದನ್ನು ಹನಿಗಳೇ ಮಾಡಿಕೊಳ್ಳುತ್ತವೆ. ಒಂದೊಂದು ಹನಿಗೂ ಹುಟ್ಟು ಉಂಟು, ಸಾವು ಉಂಟು. ನಡುವೆ ಅದು ಬೀಳುತ್ತಾ ಹೋಗುತ್ತದೆ.

ನಾನು ಮೊದಲು ಮಾಡಿದ ನೀರನ್ನು ನೋಡಿ ಸಿರಾಜುದ್ದೀನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಗುರುಲಿಂಗ ಭಾಯ್, ಇದು ಗಂಗಾ ಅಲ್ಲ, ತೊಗರಿ. ಗಂಜಿನಾಗ ಚೀಲ ಸುರವಿದಂಗ ಬೀಳಾಕತ್ತದ."

ಅದನ್ನು ನೀರು ಮಾಡಿದವಳು ನನ್ನ ಹೆಂಡತಿ ಜಯಮಾಲಾ. ಬಚ್ಚಲಿಗೆ ಕರೆದುಕೊಂಡು ಹೋಗಿ, ತಂಬಿಗೆ ತುಂಬಿ, ಎತ್ತರದಿಂದ ಕಲ್ಲಿನ ಮೇಲೆ ಸುರಿದಳು. "ಕಣ್ಣು ಬಿಟ್ಟು ನೋಡ್ರಿ. ತಂಬಿಗಿ ಬಾಯಾಗಿಂದ ಬರೋಮುಂದ ಹಗ್ಗದಂಗ ಒಂದ ಆಗಿ ಬರ್ತದ. ಕೆಳಗ ಬರ್ತಾ ಬರ್ತಾ ಹರಿದು ಹನಿ ಆಗ್ತದ. ನೀವು ಹುಟ್ಟಿದಾಗಿಂದನ ಹನಿ ಹನಿ ಮಾಡಿ ಬಿಟ್ಟೀರಿ." ಹನಿಗಳನ್ನು ಒತ್ತೊತ್ತಾಗಿ ಹುಟ್ಟಿಸಿ ಕೆಳಗೆ ಬಂದಂತೆ ಬಿಡಿಸಿದೆ. ನೀರಾಯಿತು.

ಎರಡು ಸಾವಿರದ ಆರು. ಸಂಕ್ರಾಂತಿ ಮುಗಿದಿತ್ತು. ಒಂದು ದಿನ ಅಂಗಡಿಯ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತೈದರ ಮೇಲೆ ವಯಸ್ಸು. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ. ಬಗಲಲ್ಲಿ ಬಟ್ಟೆಯ ಗಂಟು. ಒಳಗೆ ಇನ್ನೊಬ್ಬರ ಮನೆಯವರು ಮದುವೆಯ ಆಲ್ಬಮ್ ನೋಡುತ್ತಾ ಕೂತಿದ್ದರು. ಅವರು ಎದ್ದು ಹೋಗುವವರೆಗೂ ಆಕೆ ಮೆಟ್ಟಿಲು ಹತ್ತಲಿಲ್ಲ.

"ಬರ್ರಿ ಅಕ್ಕ, ಒಳಗ ಬರ್ರಿ. ಯಾವೂರ್ರಿ?"

"ಕೊಹಿನೂರ್ರಿ. ನಾ ಗಯಾಬಾಯಿ. ನನ್ನ ಮಗಳ ಮದಿವ್ಯಾಗ ನೀವ ಬಂದು ಶೂಟಿಂಗ್ ಮಾಡಿದ್ರಿ. ಸೋನಾಲಿ ಅಂತ. ಕಲ್ಯಾಣಕ್ಕ ಕೊಟ್ಟಿದ್ದೆವು."

ನನಗೆ ನೆನಪಾಗಲಿಲ್ಲ. ಒಂದು ಹಂಗಾಮಿನಲ್ಲಿ ಎಷ್ಟೋ ಅಂಗಳ, ಎಷ್ಟೋ ಹುಡುಗಿಯರು. ಆದರೂ "ಹೌದ್ರಿ, ಹೌದ್ರಿ. ಆರಾಮ ಇದ್ದಾಳೇನ್ರಿ ಮಗಳು?" ಎಂದೆ. ಹಾಗೆ ಕೇಳುವುದು ನಮ್ಮ ರೂಢಿ.

ಆಕೆ ಗಂಟು ಬಿಚ್ಚಿದಳು. ಒಳಗೆ ವಿಡಿಯೋ ಕ್ಯಾಸೆಟ್ಟು ಇತ್ತು. ಮಿಕ್ಸಿಂಗ್ ಆದಮೇಲೆ ಮೂಲ ಕ್ಯಾಸೆಟ್ಟನ್ನು ನಾನು ಮನೆಯವರಿಗೇ ಕೊಟ್ಟುಬಿಡುತ್ತಿದ್ದೆ.

"ಹೋದ ಶಿವರಾತ್ರಿ ಮುಂದ ತೀರಿಹೋದಳ್ರಿ. ಬಸರಿದ್ದಳು, ಏಳು ತಿಂಗಳಾಗಿತ್ತು. ಕಾಮಾಲಿ ಆಯ್ತು. ದವಾಖಾನಿಗಿ ಒಯ್ದ್ರು, ಆಗಲಿಲ್ಲ." ಇದನ್ನು ಆಕೆ ಬಹಳ ಸಲ ಹೇಳಿ ಹೇಳಿ ಸವೆದ ಮಾತಿನಂತೆ ಹೇಳಿದಳು. "ಇದು ಬೀಗರ ಮನ್ಯಾಗಿತ್ತು. ನಿನ್ನಿ ಕಲ್ಯಾಣಕ್ಕ ಹೋಗಿ ಕೇಳಿದೆ. ಕೊಟ್ಟ್ರು. ಅವರಿಗಿ ಈಗ ಯಾಕ ಬೇಕ್ರಿ ಅದು."

ಜಯಮಾಲಾ ಒಳಗಿನಿಂದ ಚಹಾ ತಂದಳು. ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು, ಕುಡಿಯಲಿಲ್ಲ.

"ನೆರಮನಿಯವರ ಮಗನ ಸಿ.ಡಿ. ನೋಡಿದೆ ಅಣ್ಣಾ. ಅದರಾಗ ನೀವು ಇಲ್ಲದ ನೀರು ಇಳಿಸಿದ್ರಿ. ಹುಡುಗ ಹುಡುಗಿ ಬಾಜುದಾಗ ಜಲಧಾರಿ ಬೀಳತಿತ್ತು. ಅದು ಎಲ್ಲಿ ನೀರು ಅಂತ ಕೇಳಿದೆ. ಎಲ್ಲೀದೂ ಅಲ್ಲ, ಗುರುಲಿಂಗಣ್ಣ ಕಂಪೂಟರದಾಗ ಮಾಡ್ತಾನ ಅಂದ್ರು. ನನಗ ಒಂದು ತಂಬಿಗಿ ನೀರು ಬೇಕಾಗಿತ್ರಿ."

ನಮ್ಮ ಕಡೆ ಮದುವೆಯಲ್ಲಿ ಸುರಗಿ ಎಂದು ಮಾಡುತ್ತಾರೆ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸುತ್ತಾರೆ. ಐದು ಮಂದಿ ಮುತ್ತೈದೆಯರು ಒಬ್ಬರಾದ ಮೇಲೆ ಒಬ್ಬರು ಅವಳ ನೆತ್ತಿಯ ಮೇಲೆ ನೀರು ಹಾಕುತ್ತಾರೆ. ಗಂಡ ಇಲ್ಲದವಳು ಹಾಕುವ ಹಾಗಿಲ್ಲ. ಆ ಹೊತ್ತಿಗೆ ಆಕೆ ಅಲ್ಲಿ ಕಾಣಿಸಿಕೊಳ್ಳುವುದೂ ಇಲ್ಲ. ಹುಡುಗಿಯ ತಾಯಿಯೇ ಆದರೂ ಅಷ್ಟೇ.

"ಐದೂ ಮಂದಿ ಹಾಕಿದ್ರು. ನಮ್ಮ ನಾದಿನಿ ದ್ರೌಪತಿನ ಮುಂದ ನಿಂತು ಮಾಡಿಸಿದಳು, ಪಾಪ. ನಾ ದೂರ ಇದ್ದೆ. ಆಮ್ಯಾಲ ಕಲ್ಯಾಣದಾಗ ಅಕಿ ಹೋದಾಗ... ಮುತ್ತೈದಿ ಸಾವು ಅಂತ ಅವರ ಕಡಿ ಮುತ್ತೈದ್ಯಾರ ಜಳಕ ಮಾಡಿಸಿದ್ರು. ಅವಾಗೂ ನಾ ದೂರ ನಿಂತೆ. ಹೆತ್ತಾಕಿ ನಾ. ಸಣ್ಣಕಿದ್ದಾಗ ದಿನಾ ಎರದೀನಿ. ಕಡೀಕ ಎರಡು ಸಲನೂ ನನ್ನ ಕೈಲಿ ಒಂದು ಹನಿ ಬೀಳಲಿಲ್ಲ." ಲೋಟವನ್ನು ಕೆಳಗಿಟ್ಟಳು. "ಈ ಸುರಗ್ಯಾಗ ನನ್ನ ಕೈಲಿಂದ ನೀರು ಬಿದ್ದಂಗ ಮಾಡಿಕೊಡ್ರಿ. ಶಿವರಾತ್ರಿ ಮುಂದ ಅಕಿದು ವರ್ಷ ಬರ್ತದ. ಅಷ್ಟರಾಗ ಒಮ್ಮೆ ನಾ ಕಣ್ಣಲೆ ನೋಡಬೇಕು."

ಇದು ಆಗುವ ಕೆಲಸವಲ್ಲ ಎಂದು ಹೇಳುವುದಿತ್ತು. ಫೋಟೋದ ಬಗಲಿಗೆ ಜಲಪಾತ ಬಿಡುವುದು ಬೇರೆ, ಅಲುಗಾಡುವ ತಲೆಯ ಮೇಲೆ ನೀರು ಸುರಿಯುವುದು ಬೇರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಒರಗಿದ್ದ ಜಯಮಾಲಾ, "ಮಾಡ್ತಾರ ಅಕ್ಕ, ಚಹಾ ಕುಡೀರಿ" ಎಂದಳು.

ಆಕೆ ಹೋದ ಮೇಲೆ ಹೆಂಡತಿಯನ್ನು ಗದರಿದೆ. "ನೀನ ಮಾಡಾಕಿ ಏನು?"

"ಬಚ್ಚಲದಾಗ ನೀರು ಹ್ಯಾಂಗ ಬೀಳ್ತದ ತೋರಿಸಿದಾಕಿ ಯಾರು? ನಾನ ಮಾಡೀನಿ ತಗೋರಿ" ಎಂದು ಒಳಗೆ ಹೋದಳು.

ಕ್ಯಾಸೆಟ್ಟು ಹಚ್ಚಿ ನೋಡಿದೆ. ಚಪ್ಪರದ ಅಂಗಳ, ನನ್ನದೇ ಲೈಟಿನ ಬಿಳಿ ಬೆಳಕು, ನಡುವೆ ಹಳದಿ ಸೀರೆಯ ಹುಡುಗಿ. ತೆಳ್ಳಗೆ, ದುಂಡು ಮುಖ, ಮೂಗಿನ ಬಲಕ್ಕೆ ಒಂದು ಸಣ್ಣ ಮಚ್ಚೆ. ದ್ರೌಪತಿ ಎಡಕ್ಕೆ ನಿಂತಿದ್ದಾಳೆ. ತಂಬಿಗೆ ಬಾಗುತ್ತದೆ, ನೀರು ಬೀಳುತ್ತದೆ, ಹುಡುಗಿ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿಯುತ್ತಾಳೆ, ಹೆಂಗಸರು ನಗುತ್ತಾರೆ.

ಸುರಿಯುವ ಹೊತ್ತಿನ ತುಂಡುಗಳು ನನಗೆ ಉಪಯೋಗವಿರಲಿಲ್ಲ. ಅಲ್ಲಿ ಆಗಲೇ ಒಬ್ಬರ ಕೈ ಇತ್ತು, ಒಬ್ಬರ ನೀರು ಇತ್ತು. ನನಗೆ ಬೇಕಾದದ್ದು ಒಂದು ತಂಬಿಗೆಗೂ ಇನ್ನೊಂದು ತಂಬಿಗೆಗೂ ನಡುವಿನ ಹೊತ್ತು. ಕೂದಲು ತೋಯ್ದಿರಬೇಕು, ಹನಿ ತೊಟ್ಟಿಕ್ಕುತ್ತಿರಬೇಕು, ಮೇಲೆ ಯಾರ ಕೈಯೂ ಇರಬಾರದು. ಮಿಕ್ಸಿಂಗ್ ಮಾಡುವಾಗ ನಾವು ಮೊದಲು ಕತ್ತರಿಸಿ ಎಸೆಯುವುದು ಅಂಥ ತುಂಡುಗಳನ್ನೇ. ಏನೂ ನಡೆಯುವುದಿಲ್ಲ, ಹುಡುಗಿ ಕ್ಯಾಮೆರಾದ ಕಡೆ ನೋಡುವುದಿಲ್ಲ, ಯಾರಿಗೆ ಬೇಕು? ಸಿ.ಡಿ.ಯಲ್ಲಿ ಅವು ಇರಲಿಲ್ಲ, ಕ್ಯಾಸೆಟ್ಟಿನಲ್ಲಿ ಇದ್ದವು. ಮೂರನೆಯ ತಂಬಿಗೆ ಆದಮೇಲೆ ನಾಲ್ಕನೆಯ ಹೆಂಗಸು ಬರುವುದು ತಡವಾಗಿತ್ತು. ಅಷ್ಟು ಹೊತ್ತು ಹುಡುಗಿ ಒಬ್ಬಳೇ ತೋಯ್ದು ಕೂತಿದ್ದಳು. ಬಲಗಡೆ ಜಾಗ ಖಾಲಿ ಇತ್ತು. ತಾಯಿಯನ್ನು ಅಲ್ಲಿ ನಿಲ್ಲಿಸುವುದು ಎಂದು ತೀರ್ಮಾನಿಸಿದೆ.

ಗಯಾಬಾಯಿಯನ್ನು ಕರೆಸಿದೆ. ಸ್ಟುಡಿಯೋದ ಗೋಡೆಗೆ ನೀಲಿ ಬಟ್ಟೆ ಕಟ್ಟಿದ್ದೆ. ನೀಲಿ ಇದ್ದದ್ದನ್ನೆಲ್ಲ ಕಂಪ್ಯೂಟರು ಅಳಿಸಿಹಾಕುತ್ತದೆ, ಉಳಿದದ್ದನ್ನು ಎತ್ತಿ ಬೇರೆ ಚಿತ್ರದಲ್ಲಿ ಇಡಬಹುದು. ಆಕೆ ಉಟ್ಟುಬಂದ ಸೀರೆಗೆ ನೀಲಿ ಅಂಚಿತ್ತು. ಜಯಮಾಲಾ ತನ್ನ ಹಸಿರು ಇಳಕಲ್ ಸೀರೆ ತಂದಳು.

"ಅಯ್ಯ, ಅಷ್ಟು ಬ್ಯಾಡ್ರಿ ತಂಗಿ" ಎಂದು ಗಯಾಬಾಯಿ ಹಿಂದೆ ಸರಿದಳು. ಕೊನೆಗೆ ಒಂದು ಬಾದಾಮಿ ಬಣ್ಣದ್ದನ್ನು ಉಟ್ಟಳು.

ಜಯಮಾಲಾ ಸೆರಗಿನಲ್ಲಿ ಮುಚ್ಚಿ ತಂದಿದ್ದ ಬಳೆಗಳನ್ನು ಮೆಲ್ಲಗೆ ಮುಂದೆ ಹಿಡಿದಳು. "ಇಲ್ಲಿ ಯಾರು ನೋಡ್ತಾರ ಅಕ್ಕ? ಚಿತ್ರದಾಗಷ್ಟ."

"ಬ್ಯಾಡವ್ವ. ನನ್ನ ಕೈ ಹ್ಯಾಂಗ ಅದ ಹಂಗ ಇರಲಿ. ಅಕಿ ಗುರ್ತಾ ಹಿಡೀಬೇಕಲ್ಲ."

ತಂಬಿಗೆ ಕೊಟ್ಟು, ಎಲ್ಲಿ ನಿಲ್ಲಬೇಕು, ಕೈ ಎಷ್ಟು ಎತ್ತಬೇಕು ಎಂದು ತೋರಿಸಿದೆ. ಹುಡುಗಿಯ ತಲೆ ಇರುವ ಎತ್ತರಕ್ಕೆ ಒಂದು ಸ್ಟೂಲು ಇಟ್ಟು ಅದಕ್ಕೂ ನೀಲಿ ಬಟ್ಟೆ ಹೊದಿಸಿದ್ದೆ. "ಇದನ್ನ ನೋಡ್ಕೋತ ತಂಬಿಗಿ ಬಗ್ಗಿಸ್ರಿ, ಅಷ್ಟ."

ಆಕೆ ತಂಬಿಗೆಯೊಳಗೆ ಇಣುಕಿದಳು. "ಇದರಾಗ ನೀರಿಲ್ಲಲ್ರಿ?"

"ನೀರು ನಾ ಆಮ್ಯಾಲ ಹಾಕ್ತೀನ್ರಿ, ಕಂಪ್ಯೂಟರದಾಗ. ನೀವು ಖಾಲಿ ತಂಬಿಗಿ ಬಗ್ಗಿಸಿದ್ರ ಸಾಕು."

"ಯವ್ವಾ! ಮದುಮಗಳ ನೆತ್ತಿ ಮ್ಯಾಲ ಖಾಲಿ ತಂಬಿಗಿ ಬಗ್ಗಸಬೇಕಾ? ಯಾರರೆ ಮಾಡ್ತಾರೇನ್ರಿ ಹಂಗ?"

ನಾನು ಏನೋ ಹೇಳಲು ಹೋದೆ, ಜಯಮಾಲಾ ಕಣ್ಣಿನಲ್ಲೇ ತಡೆದಳು. ಗಯಾಬಾಯಿಗೂ ತಾನಂದದ್ದು ಆಮೇಲೆ ಕೇಳಿಸಿತೋ ಏನೋ. ಸ್ಟೂಲನ್ನು ನೋಡುತ್ತಾ ನಿಂತಳು. "ಇದರಾಗ ಅಕಿ ಇನ್ನೂ ಮದುಮಗಳೇ ಅದಾಳಲ್ರಿ ಅಣ್ಣಾ" ಎಂದಳು.

ಜಯಮಾಲಾ ತಂಬಿಗೆ ಇಸಿದುಕೊಂಡು ಹೋಗಿ ತುಂಬಿಕೊಂಡು ಬಂದಳು. ಬೆಚ್ಚಗಿನ ನೀರು, ಚಿಟಿಕೆ ಅರಿಶಿಣ. ನನ್ನ ವೈರುಗಳನ್ನೆಲ್ಲ ಎತ್ತಿ ಮೇಲಿಟ್ಟೆ, ಕೆಳಗೆ ತಾಡಪತ್ರಿ ಹಾಸಿದೆ.

ಗಯಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಎಡಗೈಯನ್ನು ಸ್ಟೂಲಿನ ಮೇಲೆ, ಹಣೆ ಇರಬೇಕಾದ ಜಾಗದಲ್ಲಿ ಅಡ್ಡ ಹಿಡಿದಳು. ಕೂಸಿಗೆ ಎರೆಯುವಾಗ ಕಣ್ಣಿಗೆ ನೀರು ಹೋಗದ ಹಾಗೆ ಹಿಡಿಯುತ್ತಾರಲ್ಲ, ಹಾಗೆ. ನಾನು ಹೇಳಿಕೊಟ್ಟದ್ದಲ್ಲ. ಬಲಗೈಯಿಂದ ನಿಧಾನವಾಗಿ ತಂಬಿಗೆ ಬಗ್ಗಿಸಿದಳು. ನೀರು ನೀಲಿ ಬಟ್ಟೆಯ ಮೇಲೆ ಬಿದ್ದು, ಸ್ಟೂಲಿನ ಕಾಲುಗುಂಟ ಇಳಿದು, ತಾಡಪತ್ರಿಯ ಮೇಲೆ ಹರಡಿತು. ಬರಿದಾದ ಮೇಲೂ ಆಕೆ ಕೈ ಇಳಿಸಲಿಲ್ಲ.

ಇನ್ನು ಕಂಪ್ಯೂಟರಿನ ಕೆಲಸ. ನೀಲಿಯನ್ನು ಅಳಿಸಿದೆ. ಬಟ್ಟೆ ಹೋಯಿತು, ಸ್ಟೂಲು ಹೋಯಿತು, ನೀರೂ ಹೋಯಿತು. ನೀರಿನೊಳಗಿಂದ ಹಿಂದಿನ ನೀಲಿಯೇ ಕಾಣುತ್ತದೆ, ಯಂತ್ರಕ್ಕೆ ಎರಡೂ ಒಂದೇ. ಪರದೆಯ ಮೇಲೆ ಒಬ್ಬ ಹೆಂಗಸು ಬರೀ ತಂಬಿಗೆ ಬಗ್ಗಿಸುತ್ತಿದ್ದಳು. ಆಕೆ ಯಾವುದು ಬೇಡವೆಂದಿದ್ದಳೋ ಅದೇ ಆಗಿತ್ತು. ಅದನ್ನು ಆಕೆಗೆ ಹೇಳಲಿಲ್ಲ. ನನ್ನ ನೀರನ್ನು ಅದರ ಮೇಲೆ ಬೇಗ ಹಾಕಬೇಕು ಎಂದಷ್ಟೇ ಅನಿಸಿತು.

ತಂಬಿಗೆಯ ಬಾಯಲ್ಲಿ ಹನಿ ಹುಟ್ಟುವ ಜಾಗ ಇಟ್ಟೆ. ತಂಬಿಗೆ ಬಾಗಿದಂತೆ ಅದೂ ಬಾಗಬೇಕು. ಹುಡುಗಿಯ ತಲೆಗೆ ಕಣ್ಣಿಗೆ ಕಾಣದ ಒಂದು ಟೊಪ್ಪಿಗೆ ಮಾಡಿ ತೊಡಿಸಿದೆ. ಹನಿಗಳು ಅದಕ್ಕೆ ಬಡಿದು ಕೂದಲಗುಂಟ ಇಳಿಯಬೇಕು. ಅವಳು ತಲೆ ಅಲುಗಿಸಿದಾಗಲೆಲ್ಲ ಟೊಪ್ಪಿಗೆಯನ್ನು ಚಿತ್ರ ಚಿತ್ರಕ್ಕೂ ಸರಿಸಬೇಕು. ಮೊದಲ ಸಲ ನೀರು ಅವಳ ತಲೆಯ ಒಳಗಿಂದ ಹಾದು ಹೋಯಿತು. ಇನ್ನೊಂದು ಸಲ ತಗಡಿಗೆ ಬಡಿದಂತೆ ಸಿಡಿಯಿತು. "ಹುಡುಗಿ ತಲಿ ಅದು, ಪತ್ರಾ ಅಲ್ಲ" ಎಂದ ಸಿರಾಜುದ್ದೀನ್, ತನ್ನ ಕೇಬಲ್ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತ. ಯಾರ ಕೆಲಸ ಎಂದು ಗೊತ್ತಾದ ಮೇಲೆ ಅವನು ನಗಲಿಲ್ಲ.

ಚಿತ್ರ ಸಿದ್ಧವಾಗಿ ಹೊರಬರಲು ಹಗಲೆಲ್ಲ ಹಿಡಿಯುತ್ತಿತ್ತು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಗಯಾಬಾಯಿ ಬುಧವಾರದ ಬಸ್ಸಿಗೆ ಒಮ್ಮೆ ಬಂದು, ಏನೂ ಕೇಳದೆ ಮೂಲೆಯಲ್ಲಿ ಕೂತಳು. ನಾನು ಹನಿಗಳ ಲೆಕ್ಕ ತಿದ್ದುತ್ತಿದ್ದೆ.

"ಏನ ಬರೀಲಾಕತ್ತೀರಿ ಅಣ್ಣಾ?"

"ಹನಿಗಳ ಆಯುಸ್ಸು ಬರೀಲಾಕತ್ತೀನ್ರಿ. ಒಂದೊಂದೂ ಎಷ್ಟು ಹೊತ್ತು ಇರಬೇಕು ಅಂತ."

"ಎಷ್ಟು ಬರದ್ರಿ?"

"ತಂಬಿಗಿಯಿಂದ ಹೊಂಟು ಭುಜ ಮುಟ್ಟೋತನಕ. ಹೆಚ್ಚು ಕೊಟ್ರ ಹನಿ ಕೂಡಿಕೂಡಿ ಮಿಶನ್ನು ನಿಂತುಬಿಡ್ತದ್ರಿ."

ಆಕೆ ವಿಚಾರ ಮಾಡಿದಳು. "ಬರಿಯೋದು ನಿಮ್ಮ ಕೈಯಾಗ ಅದ ಅಂದ ಮ್ಯಾಲ ಜರಾ ಹೆಚ್ಚಿಗಿನ ಬರೀರಲ್ಲ" ಎಂದಳು.

ನಾನು ತುಸು ಹೆಚ್ಚಿಗೆ ಬರೆದೆ. ಹನಿಗಳು ಭುಜ ದಾಟಿ ಮೊಣಕೈಯವರೆಗೆ ಇಳಿದವು. ಮಿಶನ್ನು ನಿಲ್ಲಲಿಲ್ಲ. ನೀರು ಮೊದಲಿಗಿಂತ ಚೆನ್ನಾಗಿಯೇ ಕಂಡಿತು.

ಶಿವರಾತ್ರಿಗೆ ಇನ್ನೂ ದಿನ ಇರುವಾಗಲೇ ಮುಗಿಯಿತು. ಸೋಮವಾರ ಹನ್ನೊಂದಕ್ಕೆ ಕರೆಂಟ್ ಬರುತ್ತಿತ್ತು, ಆ ಹೊತ್ತಿಗೇ ಬರಹೇಳಿದ್ದೆ. ಗಯಾಬಾಯಿ ತಲೆಗೆ ನೀರು ಹಾಕಿಕೊಂಡು ಬಂದಿದ್ದಳು, ದೇವರ ಕೆಲಸಕ್ಕೆ ಬಂದಂತೆ. ಪರದೆಯ ಎದುರು ಸ್ಟೂಲು ಹಾಕಿ ಕೂಡಿಸಿದೆ. ಜಯಮಾಲಾ ಹಿಂದೆ ನಿಂತಳು. ಸಿರಾಜುದ್ದೀನ್ ಬಾಗಿಲಲ್ಲಿ.

ಹಚ್ಚಿದೆ.

ಅಂಗಳ. ಹಳದಿ ಸೀರೆಯ ಹುಡುಗಿ, ತೋಯ್ದ ಕೂದಲು. ಬಲಗಡೆಯಿಂದ ಬಾದಾಮಿ ಸೀರೆಯ ಬರಿಗೈಯ ಹೆಂಗಸು ಬಾಗುತ್ತಾಳೆ. ಎಡಗೈ ಹಣೆಗೆ ಅಡ್ಡ, ಬಲಗೈಯಲ್ಲಿ ತಂಬಿಗೆ. ನೀರು ಮೊದಲು ಹಗ್ಗದಂತೆ ಇಳಿದು, ನೆತ್ತಿಯ ಮೇಲೆ ಒಡೆದು, ಕಿವಿಯ ಹಿಂದಿನಿಂದ ಭುಜಕ್ಕೆ, ಭುಜದಿಂದ ತೋಳಿಗೆ ಹರಿಯಿತು. ನನ್ನ ಲೈಟಿನ ಬೆಳಕು ಹನಿಗಳ ಮೇಲೆ ಮಿನುಗಿತು. ಇದು ಆಗಿಲ್ಲದ್ದು ಎಂದು ನನಗೆ ಗೊತ್ತಿದ್ದೂ ಒಂದು ಗಳಿಗೆ ನಾನೇ ನಂಬಿದೆ.

"ಬಿತ್ತು" ಎಂದಳು ಗಯಾಬಾಯಿ. ಎರಡೂ ಕೈ ಜೋಡಿಸಿ ಪರದೆಗೆ ಮುಗಿದಳು. "ಬಿತ್ತು ನೋಡ್ರಿ ತಂಗಿ, ಬಿತ್ತು." ಜಯಮಾಲಾ ಸೆರಗು ಬಾಯಿಗೆ ಹಿಡಿದಿದ್ದಳು.

"ಇನ್ನೊಮ್ಮಿ ಹಚ್ಚರಿ."

ಇನ್ನೊಮ್ಮೆ ಹಚ್ಚಿದೆ. ಮತ್ತೊಮ್ಮೆ ಎಂದಳು. ಆಗ ಆಕೆ ನೀರನ್ನು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು.

"ಅಣ್ಣಾ, ಅಕಿ ಎತ್ತ ನೋಡಾಕತ್ತಾಳ?"

ನಾನು ಅಷ್ಟು ದಿನ ಅದೇ ತಲೆಯ ಮೇಲೆ ಕೆಲಸ ಮಾಡಿದವನು, ಅವಳ ಕಣ್ಣು ಎತ್ತಲಿದ್ದವೆಂದು ಕಂಡಿರಲಿಲ್ಲವೆಂದಲ್ಲ. "ಲೈಟಿಗಿ ಅಂಜಿ ಅತ್ತ ನೋಡಿದ್ದಾಳ್ರಿ. ಎಲ್ಲಾ ಹುಡುಗ್ಯಾರು ಹಂಗ ಮಾಡ್ತಾರ" ಎಂದೆ.

"ಲೈಟು ಎಲ್ಲಿತ್ತು?"

ಲೈಟು ಬಲಕ್ಕಿತ್ತು. ಹುಡುಗಿ ನೋಡುತ್ತಿದ್ದುದು ಎಡಕ್ಕೆ, ದ್ರೌಪತಿ ಮೊದಲು ನಿಂತಿದ್ದ ಜಾಗವನ್ನೂ ದಾಟಿ, ಚಿತ್ರದ ಅಂಚಿನ ಆಚೆ.

"ಇದರ ಹಿಂದಿಂದು ತೋರಸ್ರಿ. ನೀವು ಏನೂ ಹಚ್ಚಲಾರದ್ದು. ಇದ್ದದ್ದು ಇದ್ದಂಗ."

ಕ್ಯಾಸೆಟ್ಟು ಹಚ್ಚಿದೆ. ಮೊದಲ ತಂಬಿಗೆ ಬಿತ್ತು. ಹುಡುಗಿ ಮುಖದ ನೀರು ಒರೆಸಿಕೊಂಡು ಎಡಕ್ಕೆ ನೋಡಿದಳು. ದ್ರೌಪತಿ ಒದ್ದೆ ಕೈಯಿಂದ ಅವಳ ಗದ್ದ ಹಿಡಿದು ಕ್ಯಾಮೆರಾದ ಕಡೆ ತಿರುಗಿಸಿದಳು. ಎರಡನೆಯ ತಂಬಿಗೆ. ಕಣ್ಣು ತೆರೆದ ಕೂಡಲೇ ಮತ್ತೆ ಎಡಕ್ಕೆ. ಮತ್ತೆ ಗದ್ದ ತಿರುಗಿಸಿದರು. ಮೂರನೆಯದಾದ ಮೇಲೆ ಯಾರೂ ತಿರುಗಿಸುವವರಿರಲಿಲ್ಲ. ಬಹಳ ಹೊತ್ತು ನೋಡಿದಳು. ನಾಲ್ಕನೆಯದಾದ ಮೇಲೆ ಒಮ್ಮೆ. ಐದನೆಯದು ಬಿದ್ದ ಮೇಲೆ ನೋಡಲಿಲ್ಲ. ತಲೆ ತಗ್ಗಿಸಿ ಕೂತಳು. ಹೆಂಗಸರು ನಗುತ್ತಾ ನೂಲು ಬಿಚ್ಚಲು ಹತ್ತಿದರು.

ಗಯಾಬಾಯಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಅತ್ತಾಗ ಏನಿತ್ತು ಅಕ್ಕ?" ಎಂದು ಕೇಳಿದವಳು ಜಯಮಾಲಾ.

"ಜೋಳದ ಖೋಲಿ." ಆಕೆಯ ದನಿ ಸಣ್ಣದಾಗಿತ್ತು. "ನಾ ಅದರಾಗಿದ್ದೆ. ಅಗಳಿ ಹಾಕ್ಕೊಂಡಿದ್ದೆ."

"ಯಾರು ಹಾಕಿಸಿದ್ರು?"

"ಯಾರೂ ಇಲ್ಲ ತಂಗಿ. ಯಾರೂ ಏನೂ ಅಂದಿಲ್ಲ. ದ್ರೌಪತಿನೂ ಅಂದಿಲ್ಲ. ನಾನ ಹಾಕ್ಕೊಂಡೆ. ಮುಂಡಿ ನೆರಳು ಬಿದ್ದು ಅಕಿ ಬಾಳಿಗಿ ಏನರೆ ಆದೀತು ಅಂತ. ಅಕಿ ಭಾಳ ವರ್ಷ ಬದುಕಲಿ ಅಂತ. ಅವತ್ತು ಮುಂಜಾನಿ ನನ್ನ ಕೈ ಹಿಡಿದು ಕೇಳಿದ್ದಳು. ಅವ್ವಾ, ನೀನೂ ಒಂದು ತಂಬಿಗಿ ಹಾಕು, ಯಾರೇನಂತಾರ ನೋಡ್ತೀನಿ ಅಂದಳು. ಹಟಮಾರಿ ಅಕಿ. ಅಳಸಬಾರದು ಅಂತ ಹೂಂ ಅಂದೆ. ಬರ್ತೀನಿ ಹೋಗು, ಕಡೀಕ ನಾ ಹಾಕ್ತೀನಿ ಅಂದೆ."

ಹೊರಗೆ ಗಂಜಿನಲ್ಲಿ ಯಾರೋ ಹಮಾಲರು ಚೀಲ ಎಣಿಸುತ್ತಾ ಕೂಗುತ್ತಿದ್ದರು. ಸಿರಾಜುದ್ದೀನ್ ಬಾಗಿಲು ಬಿಟ್ಟು ಮೆಟ್ಟಿಲಿಳಿದು ಹೋದ.

ಗಯಾಬಾಯಿ ಪರದೆಯನ್ನು ತೋರಿಸಿದಳು. ಅಲ್ಲಿ ಮತ್ತೆ ನಾನು ಮಾಡಿದ ಚಿತ್ರ ನಿಂತಿತ್ತು. ಬಾದಾಮಿ ಸೀರೆಯವಳು ನೀರು ಸುರಿಯುತ್ತಿದ್ದಳು, ಹುಡುಗಿ ಆಚೆ ನೋಡುತ್ತಿದ್ದಳು.

"ಅಕಿ ಬಾಗಲಾ ನೋಡಾಕತ್ತಾಳ. ಈ ಬಾಜುಕ ನಿಂತಾಕಿ ಯಾರೋ ಏನೋ, ಅಕಿಗಿ ಗೊತ್ತೇ ಇಲ್ಲ."

"ಹಂಗ ಅನಬ್ಯಾಡ್ರಿ ಅಕ್ಕ" ಎಂದಳು ಜಯಮಾಲಾ.

"ಅಣ್ಣಾ, ಇಲ್ಲದ ನೀರು ಇಳಿಸಿದ್ರಿ ನೀವು. ದೊಡ್ಡ ಕೆಲಸ ಮಾಡೀರಿ." ಆಕೆ ನನ್ನ ಕಡೆ ತಿರುಗಿದಳು. "ಆ ಬಾಗಲಾ ತೆಗೀಲಾಕ ಬರ್ತದೇನ್ರಿ ನಿಮ್ಮ ಮಿಶನ್ನದಾಗ?"

ಗಿರಾಕಿಗಳ ಎದುರು ನಾನು ಸುಳ್ಳು ಹೇಳಿದ್ದುಂಟು. ಕಪ್ಪಗಿದ್ದವರನ್ನು ಬೆಳ್ಳಗೆ ಮಾಡಿದ್ದುಂಟು. ಆವತ್ತು ಯಾವ ಸುಳ್ಳೂ ಬಾಯಿಗೆ ಬರಲಿಲ್ಲ.

"ಬಾಗಲಾ ಚಿತ್ರದಾಗ ಬಂದಿಲ್ಲಕ್ಕ. ಕ್ಯಾಮೆರಾ ಅಷ್ಟು ದೂರ ನೋಡಿಲ್ಲ."

ಆಕೆ ತಲೆ ಆಡಿಸಿದಳು. ಅದು ತನಗೆ ಮೊದಲೇ ಗೊತ್ತಿತ್ತು ಎಂಬಂತೆ. "ಹಂಗಾದ್ರ ನೀರು ತೆಗದುಬಿಡ್ರಿ. ನನ್ನೂ ತೆಗೀರಿ. ಅಕಿ ನೋಡೋದಷ್ಟ ಇರಲಿ" ಎಂದಳು.

ಹನಿಗಳನ್ನು ತೆಗೆದೆ. ಒಂದು ಗುಂಡಿ ಒತ್ತಿದರೆ ಹೋಗುತ್ತವೆ, ಮಾಡಲು ಹಿಡಿದ ದಿನಗಳ ಲೆಕ್ಕ ಅವಕ್ಕಿಲ್ಲ. ಮತ್ತೆ ಬರೀ ತಂಬಿಗೆ ಬಗ್ಗಿಸುವ ಹೆಂಗಸು ಉಳಿದಳು. ಗಯಾಬಾಯಿ ಅದನ್ನು ಕಾಣುವ ಮೊದಲೇ ಅವಳನ್ನೂ ತೆಗೆದೆ. ತೋಯ್ದ ಕೂದಲಿನ ಹುಡುಗಿ ಒಬ್ಬಳೇ ಕೂತು ಎಡಕ್ಕೆ ನೋಡುತ್ತಿದ್ದಳು. ಕೂದಲಿನಿಂದ ತೊಟ್ಟಿಕ್ಕುತ್ತಿದ್ದ ಹನಿಗಳು ಮಾತ್ರ ಖರೆಯವು.

"ಇದ ತುಂಡು ಮತ್ತ ಮತ್ತ ಬರುವಂಗ ಹಚ್ಚಲಾಕ ಬರ್ತದೇನ್ರಿ?"

"ಬರ್ತದ್ರಿ."

ಹಚ್ಚಿದೆ. ಆಕೆ ಎದ್ದಳು. ಹೊರಟಳೆಂದುಕೊಂಡೆ. ಕೂತಿದ್ದ ಸ್ಟೂಲನ್ನು ಎತ್ತಿಕೊಂಡು ಹೋಗಿ, ಮೇಜಿನ ಎಡಕ್ಕೆ, ಅದಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಇಟ್ಟಳು. ಸೆರಗು ಸರಿಮಾಡಿಕೊಂಡು, ಮುಖವನ್ನು ನಮ್ಮ ಕಡೆ, ಹುಡುಗಿ ನೋಡುತ್ತಿದ್ದ ಪರದೆಯ ಅಂಚಿನ ಕಡೆ ಮಾಡಿ ಕೂತಳು.

"ಅಕ್ಕ, ಅಲ್ಲಿಂದ ನಿಮಗ ಏನೂ ಕಾಣಂಗಿಲ್ರಿ. ಇತ್ತ ಬರ್ರಿ" ಎಂದೆ.

"ನನಗ ಕಾಣೋದು ಬ್ಯಾಡ ಅಣ್ಣಾ" ಎಂದಳು. "ಅಕಿಗಿ ಕಾಣಲಿ."

ಕರೆಂಟ್ ಹೋಗುವವರೆಗೂ ಆಕೆ ಅಲ್ಲಿಯೇ ಕೂತಿದ್ದಳು.